ಕಡಲಿನ ಚಿತ್ರಕ್ಕೆ ಅಂಕ ಕೊಡುವ ಮೊದಲು

ಚಿತ್ರಕಲಾ ಸ್ಪರ್ಧೆಯನ್ನು ನಾವು ಸಹಪಠ್ಯ ಚಟುವಟಿಕೆಗಳ ಪಟ್ಟಿಗೆ ಸೇರಿಸಿ ಸುಮ್ಮನಾಗುತ್ತೇವೆ. ವಿಷಯ ಕೊಡುತ್ತೇವೆ, ಒಂದೂವರೆ ಗಂಟೆ ಸಮಯ ಕೊಡುತ್ತೇವೆ, ಮೂರು ಬಹುಮಾನ ಕೊಡುತ್ತೇವೆ. ಮಗು ಏನನ್ನು ನೋಡಿ ಬಿಡಿಸಿತು ಎಂದು ಕೇಳುವುದಿಲ್ಲ. ಸ್ಪರ್ಧೆ ಕಲಿಕೆಯಾಗಬೇಕಾದರೆ ಆ ಪ್ರಶ್ನೆಯಿಂದಲೇ ಆರಂಭವಾಗಬೇಕು ಎಂಬುದು ನನ್ನ ಅಭಿಪ್ರಾಯ.

ಈ ಬಾರಿಯ ಬೋಧನಾಭ್ಯಾಸದಲ್ಲಿ ನಾನಿದ್ದದ್ದು ದಕ್ಷಿಣ ಕನ್ನಡದ ಕಡಲತಡಿಯ ಒಂದು ಪ್ರೌಢಶಾಲೆಯಲ್ಲಿ. ಮಳೆಗಾಲದಲ್ಲಿ ಅಲ್ಲಿ ‘ಸರ್ಫಿಂಗ್ ಮತ್ತು ಕಡಲು’ ಎಂಬ ವಿಷಯದ ಮೇಲೆ ಚಿತ್ರಕಲಾ ಸ್ಪರ್ಧೆ ನಡೆಯಿತು. ವಿಷಯ ಆ ಭಾಗಕ್ಕೆ ಹೊಸದಲ್ಲ. ಮೂಲ್ಕಿಯಲ್ಲಿ 2004ರಿಂದ ಸರ್ಫಿಂಗ್ ಕಲಿಸಲಾಗುತ್ತಿದೆ. ಸಸಿಹಿತ್ಲು ಕಡಲತೀರದಲ್ಲಿ ರಾಷ್ಟ್ರಮಟ್ಟದ ಸರ್ಫಿಂಗ್ ಸ್ಪರ್ಧೆಗಳು ನಡೆದಿವೆ.

ಆದರೂ ಹೆಚ್ಚಿನ ಹಾಳೆಗಳಲ್ಲಿದ್ದದ್ದು ಒಂದೇ ಕಡಲು: ಕಡುನೀಲಿ ನೀರು, ಮೂಲೆಯಲ್ಲಿ ಸೂರ್ಯ, ಉಗುರಿನಂತೆ ಬಾಗಿದ ನೊರೆಯ ಅಲೆ, ಅದರ ತುದಿಯಲ್ಲಿ ನಿಂತ ಸವಾರ. ಆ ಅಲೆ ನಮ್ಮ ಕರಾವಳಿಯದ್ದಲ್ಲ. ಜಪಾನಿನ ಹೊಕುಸಾಯ್ ಸುಮಾರು 1831ರಲ್ಲಿ ರಚಿಸಿದ ಮರದಚ್ಚಿನ ಚಿತ್ರದ ಅಲೆ ಅದು. ಮೊಬೈಲಿನ ಮೂಲಕ ನಕಲಿನ ನಕಲಾಗಿ ಮಕ್ಕಳ ಕೈಗೆ ಬಂದಿದೆ. ಹೊಕುಸಾಯ್ ಚಿತ್ರದ ಶಕ್ತಿ ನೋಟದ ಸ್ಥಾನದಲ್ಲಿದೆ. ಕಣ್ಣು ನೀರಿನ ಮಟ್ಟಕ್ಕೆ ಇಳಿದದ್ದರಿಂದ ಫ್ಯೂಜಿ ಪರ್ವತವೇ ಅಲೆಯ ಕೆಳಗೆ ಚಿಕ್ಕದಾಗಿ ಕಾಣುತ್ತದೆ. ಮಕ್ಕಳು ಅಲೆಯ ಆಕಾರವನ್ನಷ್ಟೇ ತೆಗೆದುಕೊಂಡರು. ಎಲ್ಲಿ ನಿಂತು ನೋಡಬೇಕು ಎಂಬುದನ್ನು ನಾವು ಯಾರೂ ಹೇಳಿಕೊಟ್ಟಿರಲಿಲ್ಲ.

ಒಂಬತ್ತನೇ ತರಗತಿಯ, ಮೀನುಗಾರ ಕುಟುಂಬದ ಹುಡುಗಿಯೊಬ್ಬಳ ಚಿತ್ರ ಮಾತ್ರ ಬೇರೆಯಾಗಿತ್ತು. ನೀರು ಕೆಂಗಂದು, ಮಳೆಗಾಲದಲ್ಲಿ ಹೊಳೆಗಳು ಮಣ್ಣು ತಂದು ಸುರಿಯುವ ಅಳಿವೆಯ ಬಣ್ಣವೇ ಅದು. ನೊರೆಯ ಮೂರು ಸಾಲು. ಅವುಗಳಾಚೆ ಹಲಗೆಯ ಮೇಲೆ ಕುಳಿತು ಅಲೆಗಾಗಿ ಕಾಯುತ್ತಿರುವ ಸವಾರ. ದಡದಲ್ಲಿ ಟಾರ್ಪಾಲು ಹೊದೆಸಿದ ದೋಣಿ. ತೀರ್ಪುಗಾರರು ‘ಬಣ್ಣ ಕೊಳಕಾಗಿದೆ, ಸರ್ಫಿಂಗ್ ಕಾಣುತ್ತಿಲ್ಲ’ ಎಂದು ಪಕ್ಕಕ್ಕಿಟ್ಟರು. ಬಹುಮಾನ ನೀಲಿ ಅಲೆಗೆ ಹೋಯಿತು. ತಾನು ಕಂಡ ಕಡಲಿಗಿಂತ ಮೊಬೈಲಿನ ಕಡಲೇ ಸರಿ ಎಂಬ ಪಾಠವನ್ನು ಆ ಹುಡುಗಿ ಕಲಿತಿದ್ದರೆ ಅದು ಅವಳ ತಪ್ಪಲ್ಲ.

ವಿಜ್ಞಾನದ ಪ್ರಶಿಕ್ಷಣಾರ್ಥಿಯಾಗಿ ನನಗೆ ಆ ಚಿತ್ರ ಒಂದು ವೀಕ್ಷಣಾ ವರದಿಯಂತೆಯೂ ಕಂಡಿತು. ಅಲೆ ಸಾಗುವಾಗ ನೀರು ಬಹುಮಟ್ಟಿಗೆ ಇದ್ದಲ್ಲೇ ಸುತ್ತುತ್ತದೆ; ಮುಂದೆ ಸಾಗುವುದು ಶಕ್ತಿ. ನೀರಿನ ಆಳ ಅಲೆಯ ಎತ್ತರದ ಸುಮಾರು 1.3 ಪಟ್ಟಿಗೆ ಇಳಿದಾಗ ಅಲೆ ಮುರಿಯುತ್ತದೆ. ಹಾಗಾಗಿ ನೊರೆಯ ಸಾಲುಗಳನ್ನು ನೋಡಿದರೆ ತಳದ ಮರಳುದಿಬ್ಬ ಎಲ್ಲಿದೆ ಎಂದು ಊಹಿಸಬಹುದು. ಸವಾರ ಸಾಗುವುದು ಅಲೆಯ ತುದಿಯ ಮೇಲಲ್ಲ, ಅದರ ಇಳಿಜಾರಿನಲ್ಲಿ. ಇವನ್ನು ಪಾಠದಲ್ಲಿ ವಿವರಿಸಲು ನಾವು ಕಪ್ಪುಹಲಗೆಯ ಮೇಲೆ ಗೆರೆ ಎಳೆಯುತ್ತೇವೆ. ಆ ಹುಡುಗಿ ಕಣ್ಣಿನಿಂದಲೇ ಕಂಡಿದ್ದಳು.

ನಕಲು ಮಾಡುವುದೂ ಕಲಿಕೆಯ ಒಂದು ಹಂತ ಎಂದು ಮಾರ್ಗದರ್ಶಕ ಶಿಕ್ಷಕರೊಬ್ಬರು ಹೇಳಿದರು. ಒಪ್ಪುತ್ತೇನೆ. ಕೈ ಪಳಗಲು ಅದು ಬೇಕು. ಆದರೆ ಅಭ್ಯಾಸಕ್ಕೆ ಸರಿಹೋಗುವುದಕ್ಕೆಲ್ಲ ಬಹುಮಾನ ಬೇಕಿಲ್ಲ. ಮಳೆಗಾಲದಲ್ಲಿ ಮಕ್ಕಳನ್ನು ಕಡಲಿಗೆ ಕರೆದೊಯ್ಯುವುದು ಅಪಾಯ ಎಂಬ ಮಾತೂ ಸರಿ. ನೀರಿಗೆ ಇಳಿಯಬೇಕಿಲ್ಲ, ದೂರದ ದಡದಿಂದ ಪಾಲಕರ ಜೊತೆ ಹತ್ತು ನಿಮಿಷ ನೋಡಿ ಬಂದರೂ ಸಾಕು.

ನನ್ನ ಸಲಹೆ ಮೂರೇ. ಒಂದು, ಸ್ಪರ್ಧೆಗೆ ಒಂದು ವಾರ ಮೊದಲು ವಿಷಯ ತಿಳಿಸಿ, ಬಣ್ಣ, ಅಲೆ, ಜನ ಇವುಗಳ ಬಗ್ಗೆ ಕಂಡದ್ದನ್ನು ಬರೆದು ತರಲು ಹೇಳುವುದು. ಎರಡು, 20 ಅಂಕಗಳಲ್ಲಿ ಕನಿಷ್ಠ 8ನ್ನು ಸ್ವಂತ ವೀಕ್ಷಣೆಗೆ ಮೀಸಲಿಟ್ಟು, ಆ ಮಾನದಂಡವನ್ನು ಮಕ್ಕಳಿಗೆ ಮೊದಲೇ ತಿಳಿಸುವುದು. ಮೂರು, ತೀರ್ಪಿಗೆ ಮುನ್ನ ಪ್ರತಿ ಮಗುವಿಗೂ ತನ್ನ ಚಿತ್ರದ ಬಗ್ಗೆ ಒಂದು ನಿಮಿಷ ಮಾತಾಡಲು ಬಿಡುವುದು. ‘ನೀರು ಯಾಕೆ ಕೆಂಪು?’ ಎಂದು ಕೇಳಿದ್ದರೆ ಆ ಹುಡುಗಿಯ ಬಳಿ ಉತ್ತರವಿತ್ತು.

ಮುಂದಿನ ಹಂತದ ಬೋಧನಾಭ್ಯಾಸಕ್ಕೆ ಹೊರಡುವ ಗೆಳೆಯರು ಇದನ್ನು ಒಂದು ತರಗತಿಯಲ್ಲಾದರೂ ಮಾಡಿ ನೋಡಲಿ. ಕಡಲಿಲ್ಲದ ಊರಾದರೆ ಕೆರೆ ಇದ್ದೇ ಇರುತ್ತದೆ.