ಟೀವಿ ಅಜ್ಜಿಗೆ, ಆಟ ಮೊಮ್ಮಗನಿಗೆ

ಬೆಂಗಳೂರಿನಿಂದ ಮೈಸೂರಿಗೆ ಹೋಗುವ ಹಳೆಯ ಹೆದ್ದಾರಿಯಲ್ಲಿ, ಶ್ರೀರಂಗಪಟ್ಟಣ ಇನ್ನು ಸ್ವಲ್ಪ ದೂರವಿದೆ ಎನ್ನುವಾಗ ಸಿಗುವ ಊರು ಬಾಬುರಾಯನಕೊಪ್ಪಲು. ಸುತ್ತಲೂ ಬತ್ತದ ಗದ್ದೆ, ಕಬ್ಬಿನ ಹೊಲ. ಮನೆಗಳೊಳಗೆ ಮಾತ್ರ ಬೆಂಗಳೂರಿನಲ್ಲಿರುವ ಸಲಕರಣೆಗಳೆಲ್ಲ ಇವೆ. ಅಲ್ಲಿನ ಒಂದು ಮನೆಯನ್ನು ವಾಚಕರು ಮನಸ್ಸಿಗೆ ತಂದುಕೊಳ್ಳಲಿ. ಕಲ್ಪನೆಯ ಮನೆಯೇ ಆದರೂ ಅದರ ಜಗಳ ಎಲ್ಲ ಮನೆಗಳದು.

ನಡುಮನೆಯಲ್ಲಿ ಟೀವಿ ಒಂದೇ. ಸಂಜೆ ಏಳಾಯಿತೆಂದರೆ ಅಜ್ಜಿಗೆ ಧಾರಾವಾಹಿ; ಅದು ಮುಗಿಯಿತೆಂದರೆ ಯಜಮಾನರಿಗೆ ವಾರ್ತೆ. ಒಂಬತ್ತನೆಯ ತರಗತಿಯ ಮೊಮ್ಮಗನಿಗೂ ಅದೇ ಟೀವಿ ಬೇಕು. ಬೆಂಗಳೂರಿನ ಸೋದರಮಾವ ಕೊಡಿಸಿದ ಪ್ಲೇಸ್ಟೇಷನ್ ಅದರ ಕೆಳಗಿನ ಗೂಡಿನಲ್ಲಿ ಕುಳಿತಿದೆ. ಕ್ರಿಕೆಟ್ಟು, ಕಾಲ್ಚೆಂಡು, ಮೋಟಾರು ಪಂದ್ಯ ಎಲ್ಲವೂ ಆ ಪೆಟ್ಟಿಗೆಯೊಳಗುಂಟು. ಆದರೆ ಪೆಟ್ಟಿಗೆಗೆ ಸ್ವಂತ ಮುಖವಿಲ್ಲ. ಟೀವಿಯ ಮುಖವೇ ಅದಕ್ಕೂ ಆಗಬೇಕು. ಹೀಗಾಗಿ ಪ್ರತಿ ಸಂಜೆಯೂ ನಡುಮನೆಯಲ್ಲಿ ಒಂದು ಪಂಚಾಯಿತಿ. ತೀರ್ಪು ಸಾಮಾನ್ಯವಾಗಿ ಅಜ್ಜಿಯ ಕಡೆಗೇ ಆಗುತ್ತಿತ್ತೆಂದು ಬೇರೆ ಹೇಳಬೇಕಾಗಿಲ್ಲ.

ಒಂದು ಭಾನುವಾರ ಹುಡುಗ ಹೊಸ ಸುದ್ದಿ ತಂದ. ಆಟ ಕನ್ಸೋಲಿನಲ್ಲೇ ನಡೆಯುತ್ತದೆ, ಚಿತ್ರ ಮಾತ್ರ ಮೊಬೈಲಿಗೆ ಬರುತ್ತದೆ, ಟೀವಿಯನ್ನು ಯಾರೂ ಮುಟ್ಟಬೇಕಾಗಿಲ್ಲ! ಅಜ್ಜಿ ಕನ್ನಡಕವನ್ನು ಸರಿಮಾಡಿಕೊಂಡು ಕೇಳಿದರು: “ಏನ್ಲಾ ಮಗ, ಪೆಟ್ಟಿಗೆ ಇಲ್ಲೇ ಅದೆ, ಆಟ ನಿನ್ ಕೈಗೆ ಹೆಂಗೆ ಬಂತದೆ?”

ಪ್ರಶ್ನೆ ಅಜ್ಜಿಯದಾದರೂ ಬಹಳ ಸರಿಯಾದ ಪ್ರಶ್ನೆ. ಅದರ ಉತ್ತರ ತಿಳಿಯದೆ ಈ ಏರ್ಪಾಡಿಗೆ ಕೈಹಾಕಿದವರು ಅರ್ಧ ದಿನ ಕಳೆದು, ಕೊನೆಗೆ ಯಂತ್ರವನ್ನು ಬೈದು ಏಳುತ್ತಾರೆ.

ಮೊದಲು ತಿಳಿಯಬೇಕಾದ ವಿಷಯವೆಂದರೆ, ಆಟ ಮೊಬೈಲಿಗೆ ಬರುವುದೇ ಇಲ್ಲ. ಲೆಕ್ಕ ಮಾಡುವ, ಚಿತ್ರ ಬರೆಯುವ ಕೆಲಸವೆಲ್ಲ ಟೀವಿಯ ಕೆಳಗಿನ ಪೆಟ್ಟಿಗೆಯದೇ. ಅದು ತಾನು ಬರೆದ ಪ್ರತಿಯೊಂದು ಚಿತ್ರವನ್ನೂ ಮಡಿಸಿ ಚಿಕ್ಕದು ಮಾಡಿ, ಮನೆಯ ವೈಫೈ ಮೂಲಕ ಮೊಬೈಲಿಗೆ ಕಳುಹಿಸುತ್ತದೆ. ಮೊಬೈಲು ಅದನ್ನು ಬಿಚ್ಚಿ ತೋರಿಸುತ್ತದೆ. ಹುಡುಗ ಗುಂಡಿ ಒತ್ತಿದರೆ ಆ ಸುದ್ದಿ ಅದೇ ದಾರಿಯಲ್ಲಿ ಹಿಂದಿರುಗಿ ಪೆಟ್ಟಿಗೆಯನ್ನು ತಲುಪುತ್ತದೆ. ಸೋನಿ ಕಂಪನಿಯವರು ಈ ಏರ್ಪಾಡನ್ನು ರಿಮೋಟ್ ಪ್ಲೇ ಎಂದು ಕರೆದು, 2019ರ ಮಾರ್ಚ್ ತಿಂಗಳಲ್ಲಿ ಐಫೋನಿಗೂ, ಅದೇ ವರ್ಷದ ಅಕ್ಟೋಬರಿನಲ್ಲಿ ಸಾಮಾನ್ಯ ಆಂಡ್ರಾಯ್ಡ್ ಫೋನುಗಳಿಗೂ ಒದಗಿಸಿದರು. ಮೈಕ್ರೋಸಾಫ್ಟ್‌ನವರ ಎಕ್ಸ್‌ಬಾಕ್ಸ್ ಪೆಟ್ಟಿಗೆಗೂ 2020ರಲ್ಲಿ ಈ ಸೌಕರ್ಯ ಮೊಬೈಲುಗಳಲ್ಲಿ ದೊರೆಯಿತು.

ಚಿತ್ರವನ್ನು ಗಾಳಿಯಲ್ಲಿ ಕಳುಹಿಸುವುದು ಈಗೇನು ಹೊಸದು ಎಂದು ಯಾರಾದರೂ ಕೇಳಬಹುದು. ಈ ಸೀಮೆಗಂತೂ ನಿಸ್ತಂತು ವಿದ್ಯೆ ಹಳೆಯ ನೆಂಟ. ಬಾಬುರಾಯನಕೊಪ್ಪಲಿಗೆ ಹತ್ತಿರವಾದ ಮೈಸೂರಿನಲ್ಲಿ, ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರ ಆರಂಭಿಸಿದರು. ‘ಆಕಾಶವಾಣಿ’ ಎಂಬ ಹೆಸರು ಆ ನಿಲಯದ್ದು. ಮುಂದೆ ದೇಶದ ರೇಡಿಯೋಗೆಲ್ಲ ಅದೇ ಹೆಸರಾಯಿತು. ಒಂದು ಮನೆಯಿಂದ ಹೊರಟ ದನಿ ಊರಿನ ಇತರ ಮನೆಗಳನ್ನು ಮುಟ್ಟಿದ್ದು ಆಗಿನ ಕಾಲಕ್ಕೆ ದೊಡ್ಡ ವಿಸ್ಮಯ.

ಆದರೆ ಬಾನುಲಿಗೂ ಈ ಆಟಕ್ಕೂ ಒಂದು ಮುಖ್ಯವಾದ ಅಂತರವಿದೆ. ರೇಡಿಯೋ ಕೇಳುವವನು ಅದಕ್ಕೆ ಮಾರುತ್ತರ ಕೊಡುವುದಿಲ್ಲ. ದನಿ ಅರೆಕ್ಷಣ ತಡವಾಗಿ ಬಂದರೂ ಸಂಗೀತದ ಸೊಗಸೇನೂ ಕೆಡದು. ಇಂದು ಮೊಬೈಲಿನಲ್ಲಿ ಕ್ರಿಕೆಟ್ ನೋಡುವವರಿಗೂ ಇದು ಅನುಭವದ ಮಾತು. ಪಕ್ಕದ ಮನೆಯ ಟೀವಿಯ ಮುಂದೆ ಕೇಕೆ ಎದ್ದು ಎಷ್ಟೋ ಹೊತ್ತಾದ ಮೇಲೆ ಇವರ ಮೊಬೈಲಿನಲ್ಲಿ ವಿಕೆಟ್ ಬೀಳುತ್ತದೆ. ಮೊಬೈಲು ಮುಂದಿನ ಕೆಲವು ಸೆಕೆಂಡುಗಳ ಚಿತ್ರವನ್ನು ಮೊದಲೇ ತರಿಸಿ ಕೂಡಿಟ್ಟುಕೊಂಡು, ಅದರಿಂದ ಸ್ವಲ್ಪಸ್ವಲ್ಪವಾಗಿ ಬಡಿಸುತ್ತದೆ. ದಾರಿಯಲ್ಲಿ ಎಲ್ಲೋ ಅಡಚಣೆಯಾದರೂ ಕಣಜದಲ್ಲಿ ಕಾಳಿರುವುದರಿಂದ ಊಟ ನಿಲ್ಲುವುದಿಲ್ಲ.

ಆಟದಲ್ಲಿ ಹಾಗೆ ಕೂಡಿಡುವುದು ಸಾಧ್ಯವೇ ಇಲ್ಲ. ಏಕೆಂದರೆ ಮುಂದಿನ ಚಿತ್ರ ಇನ್ನೂ ಹುಟ್ಟಿಲ್ಲ! ಹುಡುಗ ಬ್ಯಾಟನ್ನು ಎಡಕ್ಕೆ ಬೀಸುವನೋ ಬಲಕ್ಕೆ ಬೀಸುವನೋ ಎಂಬುದರ ಮೇಲೆ ಅದು ಹುಟ್ಟಬೇಕು. ಸೆಕೆಂಡಿಗೆ 60 ಚಿತ್ರ ಬರೆಯುವ ಆಟದಲ್ಲಿ ಒಂದೊಂದು ಚಿತ್ರಕ್ಕೂ ಸಿಗುವ ಕಾಲ ಸುಮಾರು 17 ಮಿಲಿಸೆಕೆಂಡು, ಅಂದರೆ ಸೆಕೆಂಡಿನ ಸಾವಿರ ಪಾಲಿನಲ್ಲಿ 17 ಪಾಲು. ಬರೆಯುವುದು, ಮಡಿಸುವುದು, ಕಳುಹಿಸುವುದು, ಬಿಚ್ಚುವುದು ಎಲ್ಲವೂ ಕೂಡಿ ಸೆಕೆಂಡಿನ ಹತ್ತನೆಯ ಒಂದು ಪಾಲು ತಡವಾಯಿತೆನ್ನೋಣ. ಗಂಟೆಗೆ 140 ಕಿಲೋಮೀಟರ್ ವೇಗದಲ್ಲಿ ಬರುವ ಚೆಂಡು ಅಷ್ಟರಲ್ಲಿ ಸುಮಾರು 4 ಮೀಟರ್ ಮುಂದೆ ಬಂದಿರುತ್ತದೆ. ವಿಕೆಟ್‌ಗಳ ನಡುವಣ ದೂರವೇ 20 ಮೀಟರ್. ಕಣ್ಣಿಗೆ ದೂರ ಕಂಡ ಚೆಂಡು ನಿಜವಾಗಿ ಬ್ಯಾಟಿನ ಬುಡಕ್ಕೆ ಬಂದಿರುವಾಗ ಎಂಥ ಶೂರನೂ ಬೌಲ್ಡ್ ಆಗಬೇಕಾದದ್ದೇ. ಹುಡುಗ ಮೊದಲ ದಿನ ಸೊನ್ನೆಗೆ ಔಟಾದದ್ದು ಅವನ ಕೈಚಳಕ ಕಡಿಮೆಯಾಗಿ ಅಲ್ಲ. ಮನೆಯೊಳಗಿನ ದಾರಿ ಸರಿಯಿಲ್ಲದೆ.

ಆ ದಾರಿಯನ್ನು ಸರಿಪಡಿಸುವುದು ಕಷ್ಟವೇನಲ್ಲ. ವೈಫೈ ರೂಟರು ನಡುಮನೆಯಲ್ಲಿದ್ದು ಹುಡುಗ ಹಿಂದಿನ ಕೋಣೆಯಲ್ಲಿ ಕುಳಿತರೆ ಅಲೆಗಳು ಎರಡು ದಪ್ಪ ಗೋಡೆಗಳನ್ನು ದಾಟಬೇಕು. ಕನ್ಸೋಲಿನಿಂದ ರೂಟರಿಗೆ ಒಂದು ಕೇಬಲ್ ಎಳೆದುಬಿಟ್ಟರೆ ಅರ್ಧ ದಾರಿ ಗಾಳಿಯ ಹಂಗಿಲ್ಲದೆ ಸಾಗುತ್ತದೆ. ಉಳಿದರ್ಧಕ್ಕೆ, ರೂಟರಿನಲ್ಲಿ 2.4 ಮತ್ತು 5 ಗಿಗಾಹರ್ಟ್ಸ್ ಎಂಬ ಎರಡು ಹಾದಿಗಳಿದ್ದರೆ ಎರಡನೆಯದನ್ನು ಹಿಡಿಯುವುದು ಮೇಲು. ಮೊದಲನೆಯದು ಸಂತೆಯ ದಾರಿ. ಬ್ಲೂಟೂತ್, ಮೈಕ್ರೋವೇವ್ ಒಲೆ, ಅಕ್ಕಪಕ್ಕದ ಮನೆಯವರ ವೈಫೈ ಎಲ್ಲವೂ ಅಲ್ಲೇ ನೂಕಾಡುತ್ತವೆ. ಎರಡನೆಯದರಲ್ಲಿ ಜನಸಂದಣಿ ಕಡಿಮೆ. ಆದರೆ ಅದು ಗೋಡೆಗಳಿಗೆ ಬೇಗ ಸೋಲುತ್ತದೆ. ಆದ್ದರಿಂದ ರೂಟರು ಕಣ್ಣಿಗೆ ಕಾಣುವಷ್ಟು ಹತ್ತಿರ ಕುಳಿತು ಆಡುವುದೇ ಉತ್ತಮ.

ಕನ್ಸೋಲಿನಲ್ಲಿ ಮಾಡಬೇಕಾದದ್ದು ಎರಡು ಕೆಲಸ. ಸೆಟ್ಟಿಂಗ್ಸ್‌ನಲ್ಲಿ ರಿಮೋಟ್ ಪ್ಲೇಗೆ ಅನುಮತಿ ಕೊಡಬೇಕು. ನಿದ್ರೆಯಲ್ಲಿದ್ದಾಗಲೂ ಕರೆ ಬಂದರೆ ಏಳುವಂತೆ ಅದಕ್ಕೆ ಹೇಳಿಡಬೇಕು. ಪೂರ್ತಿ ಆರಿಸಿದ ಪೆಟ್ಟಿಗೆ ಎಷ್ಟು ಕೂಗಿದರೂ ಏಳದು. ಕಿತ್ತಳೆ ಬಣ್ಣದ ದೀಪ ಉರಿಯುತ್ತಿದ್ದರೆ ಅದು ಕೋಳಿನಿದ್ರೆಯಲ್ಲಿದೆಯೆಂದು ಅರ್ಥ. ಮೊಬೈಲಿನಲ್ಲಿಯೂ ಕನ್ಸೋಲಿನ ಖಾತೆಯಿಂದಲೇ ಒಳಗೆ ಹೋಗಬೇಕು.

ಇನ್ನು ಕಂಟ್ರೋಲರಿನ ಮಾತು. ಮೊಬೈಲಿನ ಗಾಜಿನ ಮೇಲೆಯೇ ಗುಂಡಿಗಳ ಚಿತ್ರ ಮೂಡುವುದರಿಂದ ಕಂಟ್ರೋಲರ್ ಇಲ್ಲದೆಯೂ ಆಡಬಹುದು, ನಿಜ. ಆದರೆ ಹೆಬ್ಬೆರಳುಗಳೇ ಅರ್ಧ ಚಿತ್ರವನ್ನು ಮುಚ್ಚುತ್ತವೆ. ಗುಂಡಿ ಎಲ್ಲಿದೆಯೆಂದು ಬೆರಳಿಗೆ ತಾಕಿ ತಿಳಿಯುವಂತೆಯೂ ಇಲ್ಲ. ಆದ್ದರಿಂದ ಕಂಟ್ರೋಲರನ್ನು ಬ್ಲೂಟೂತ್ ಮೂಲಕ ಮೊಬೈಲಿಗೆ ಜೋಡಿಸಬೇಕು. ಹತ್ತನೆಯ ಶತಮಾನದ ಡೆನ್ಮಾರ್ಕಿನ ಹೆರಾಲ್ಡ್ ಎಂಬ ದೊರೆಗೆ ‘ನೀಲಿ ಹಲ್ಲಿನವ’ ಎಂಬ ಅಡ್ಡಹೆಸರಿತ್ತು. ಬೇರೆ ಬೇರೆ ಯಂತ್ರಗಳನ್ನು ಒಂದುಗೂಡಿಸುವ ಈ ವಿದ್ಯೆಗೆ ಆ ಹೆಸರೇ ನಿಂತಿತು. ಸಂತೆಯ ದಾರಿಯಲ್ಲೇ ನಡೆಯಬೇಕಾದ ಬ್ಲೂಟೂತು ಜಾಣತನದಿಂದ ನಡೆಯುತ್ತದೆ. ಅದು ಒಂದೇ ಕಡೆ ನಿಲ್ಲದೆ 79 ಸಣ್ಣ ಕಾಲುದಾರಿಗಳ ನಡುವೆ ಸೆಕೆಂಡಿಗೆ 1,600 ಸಲ ಜಿಗಿಯುತ್ತ ನೂಕುನುಗ್ಗಲನ್ನು ತಪ್ಪಿಸಿಕೊಳ್ಳುತ್ತದೆ.

ಜೋಡಿಸುವ ಕ್ರಮ ಸುಲಭ. ಪ್ಲೇಸ್ಟೇಷನ್ 4ರ ಕಂಟ್ರೋಲರಾದರೆ ಪಿಎಸ್ ಗುಂಡಿಯನ್ನೂ ಶೇರ್ ಗುಂಡಿಯನ್ನೂ, 5ರದಾದರೆ ಪಿಎಸ್ ಮತ್ತು ಕ್ರಿಯೇಟ್ ಗುಂಡಿಗಳನ್ನೂ ಒಟ್ಟಿಗೆ ಒತ್ತಿ ಹಿಡಿಯಬೇಕು. ದೀಪ ಪಟಪಟನೆ ಮಿನುಗತೊಡಗಿದಾಗ ಮೊಬೈಲಿನ ಬ್ಲೂಟೂತ್ ಪಟ್ಟಿಯಲ್ಲಿ ಅದರ ಹೆಸರು ಕಾಣುತ್ತದೆ; ಅದನ್ನು ಮುಟ್ಟಿದರಾಯಿತು. ಎಕ್ಸ್‌ಬಾಕ್ಸ್‌ನವರು ಕಂಟ್ರೋಲರಿನ ಮೇಲಂಚಿನಲ್ಲಿ ಇದಕ್ಕೆಂದೇ ಒಂದು ಚಿಕ್ಕ ಗುಂಡಿ ಇಟ್ಟಿದ್ದಾರೆ. ಅವರ ತೀರ ಹಳೆಯ ಮಾದರಿಗಳಲ್ಲಿ ಮಾತ್ರ ಬ್ಲೂಟೂತೇ ಇಲ್ಲ.

ಇಲ್ಲಿಯೇ ಹುಡುಗ ಎರಡನೆಯ ಬಾರಿ ಎಡವಿದ್ದು. ಪಿಎಸ್ ಗುಂಡಿಯನ್ನು ಒಂದನ್ನೇ ಒತ್ತಿದ; ಮೊಬೈಲು ಸುಮ್ಮನಿತ್ತು, ನಡುಮನೆಯಲ್ಲಿ ಕನ್ಸೋಲು ಎದ್ದು ಕುಳಿತಿತು. ಅಷ್ಟಕ್ಕೇ ಟೀವಿಯೂ ಧಾರಾವಾಹಿಯನ್ನು ಬಿಟ್ಟು ಆಟದ ಕಡೆಗೆ ತಿರುಗಿತು. ಸೊಸೆ ಅತ್ತೆಯ ಕಾಲಿಗೆ ಬೀಳುವ ಘಳಿಗೆ ಅದು! ಅಜ್ಜಿಯ ಕೋಪವನ್ನು ವರ್ಣಿಸುವ ಅಗತ್ಯವಿಲ್ಲ. ಕಾರಣವಿಷ್ಟೇ: ಕಂಟ್ರೋಲರಿಗೆ ಮೊದಲ ಸಂಬಂಧ ಕನ್ಸೋಲಿನೊಡನೆ ಗೊತ್ತಾಗಿರುತ್ತದೆ, ಗುಂಡಿ ಒತ್ತಿದಾಗ ಅದು ಹಳೆಯ ಸಂಬಂಧವನ್ನೇ ಹುಡುಕಿಕೊಂಡು ಹೋಗುತ್ತದೆ. ಎರಡು ಗುಂಡಿ ಹಿಡಿದು ಹೊಸ ಸಂಬಂಧ ಗೊತ್ತುಮಾಡಿದ ಮೇಲೆ, ಪ್ಲೇಸ್ಟೇಷನ್ 4ರ ಕಂಟ್ರೋಲರು ಹಳೆಯದನ್ನು ಮರೆತುಬಿಡುತ್ತದೆ. ಮತ್ತೆ ಟೀವಿಯಲ್ಲಿ ಆಡಬೇಕಾದಾಗ ಯುಎಸ್‌ಬಿ ಕೇಬಲಿನಿಂದ ಅದನ್ನು ಕನ್ಸೋಲಿಗೆ ಸಿಕ್ಕಿಸಿ ಪಿಎಸ್ ಗುಂಡಿ ಒತ್ತಿದರೆ ಸಂಬಂಧ ಪುನಃ ಕೂಡುತ್ತದೆ. ಇದನ್ನರಿಯದೆ ‘ಕಂಟ್ರೋಲರ್ ಕೆಟ್ಟಿತು’ ಎಂದು ರಿಪೇರಿ ಅಂಗಡಿಗೆ ಹೊರಡುವುದು ವ್ಯರ್ಥ.

ಖರ್ಚಿನ ವಿಷಯವೂ ಉಂಟು. ಮನೆಯ ವೈಫೈನಲ್ಲೇ ಆಡುವಾಗ ಚಿತ್ರಗಳು ಮನೆಯೊಳಗೇ ಓಡಾಡುವುದರಿಂದ ಚಿಂತೆಯಿಲ್ಲ. ಹೊರಗಿನಿಂದ, ಮೊಬೈಲಿನ ಇಂಟರ್ನೆಟ್ಟಿನಲ್ಲಿ ಆಡಹೊರಟರೆ ಲೆಕ್ಕ ಬೇರೆ. ಸೋನಿಯವರು ಕನಿಷ್ಠ 5 ಮೆಗಾಬಿಟ್, ಉತ್ತಮವಾಗಿ ನಡೆಯಬೇಕಾದರೆ 15 ಮೆಗಾಬಿಟ್ ವೇಗ ಬೇಕೆನ್ನುತ್ತಾರೆ. ಚಿತ್ರಗಳು 15 ಮೆಗಾಬಿಟ್ ವೇಗದಲ್ಲಿ ಒಂದೇಸಮನೆ ಹರಿದರೆ ಒಂದು ಗಂಟೆಗೆ ಆರೂಮುಕ್ಕಾಲು ಜಿ.ಬಿ. ಆಗುತ್ತದೆ. ದಿನಕ್ಕೆ 2 ಜಿ.ಬಿ. ಎಂದು ರೀಚಾರ್ಜ್ ಮಾಡಿಸಿದವರ ಪಾಲು ಇಪ್ಪತ್ತು ನಿಮಿಷವೂ ಬಾಳದು.

ಇಷ್ಟೆಲ್ಲ ತಿಳಿದ ಮೇಲೆ ಆ ಮನೆಯಲ್ಲಿ ಎಲ್ಲವೂ ಸರಿಹೋಯಿತು. ಟೀವಿ ಅಜ್ಜಿಗೆ, ಆಟ ಮೊಮ್ಮಗನಿಗೆ. ಸಂಜೆಯ ಪಂಚಾಯಿತಿ ನಿಂತುಹೋಯಿತು. ನಾಲ್ಕು ದಿನ ಕಳೆದ ಮೇಲೆ, ರಾತ್ರಿ ಹನ್ನೊಂದಕ್ಕೆ ನೀರು ಕುಡಿಯಲು ಎದ್ದ ತಾಯಿಗೆ ಮಗನ ಕೋಣೆಯ ಬಾಗಿಲಿನ ಸಂದಿಯಲ್ಲಿ ಬೆಳಕು ಕಂಡಿತು. ಒಳಗೆ ಓದು ನಡೆಯುತ್ತಿರಲಿಲ್ಲ.

ಆಗ ಆಕೆಗೆ ಒಂದು ಸಂಗತಿ ಹೊಳೆಯಿತು. ಇಷ್ಟು ದಿನ ಮಗನ ಆಟಕ್ಕೆ ಮಿತಿ ಹಾಕುತ್ತಿದ್ದುದು ತಾನೂ ಅಲ್ಲ, ಅವನ ತಂದೆಯೂ ಅಲ್ಲ. ಅಜ್ಜಿಯ ಧಾರಾವಾಹಿ! ಟೀವಿ ಒಂದೇ ಆಗಿದ್ದಾಗ ಸರದಿಯೇ ಗಡಿಯಾರವಾಗಿತ್ತು. ಜಗಳವಾದರೂ ಅದರಲ್ಲಿ ಒಬ್ಬರು ಇನ್ನೊಬ್ಬರಿಗೆ ಜಾಗ ಬಿಡುತ್ತಿದ್ದರು. ಯಾರು ಎಷ್ಟು ಹೊತ್ತು ಏನು ನೋಡಿದರೆಂಬುದು ಮನೆಮಂದಿಗೆಲ್ಲ ಗೊತ್ತಿತ್ತು. ಜಗಳವನ್ನು ತೆಗೆದ ಯಂತ್ರ ಅದರ ಜೊತೆಯಲ್ಲೇ ಗಡಿಯಾರವನ್ನೂ ತೆಗೆದಿತ್ತು.

ಮರುದಿನ ಮನೆಯಲ್ಲಿ ಮತ್ತೊಂದು ಪಂಚಾಯಿತಿ ಸೇರಿತು. ಯಾರೂ ಕೂಗಾಡಲಿಲ್ಲ. ಕನ್ಸೋಲಿನಲ್ಲೇ ಮಕ್ಕಳ ಖಾತೆಗೆ ದಿನದ ಆಟದ ಅವಧಿಯನ್ನು ಗೊತ್ತುಪಡಿಸುವ ಏರ್ಪಾಡಿದೆಯೆಂದು ತಂದೆ ಹುಡುಕಿ ತೆಗೆದರು. ಎಷ್ಟು ಹೊತ್ತೆಂಬುದನ್ನು ಹುಡುಗನೇ ಹೇಳಲೆಂದರು. ಅವನು ಎರಡು ಗಂಟೆ ಎಂದ, ಒಂದಕ್ಕೆ ಇಳಿದ. ಒಂಬತ್ತೂವರೆಯಾದೊಡನೆ ಕಂಟ್ರೋಲರು ಟೀವಿಯ ಕೆಳಗಿನ ಗೂಡಿಗೆ ಬರಬೇಕು, ಚಾರ್ಜು ಅಲ್ಲಿಯೇ ಎಂಬುದು ತಾಯಿಯ ಷರತ್ತು. ಅಜ್ಜಿಯದು ಒಂದೇ ಷರತ್ತು: “ಆಡು ಮಗ, ಬ್ಯಾಡ ಅನ್ನಕ್ಕಿಲ್ಲ. ಇಲ್ಲೇ ಕೂತ್ಕಂಡು ಆಡು.”

ರೂಟರು ಇರುವುದೂ ನಡುಮನೆಯಲ್ಲೇ ಆದ್ದರಿಂದ ಹುಡುಗನೂ ಬೇಡವೆನ್ನಲಿಲ್ಲ. ಈಗ ಸಂಜೆ ಏಳಕ್ಕೆ ಅಜ್ಜಿ ತಮ್ಮ ಕುರ್ಚಿಯಲ್ಲಿ, ಮೊಮ್ಮಗ ಚಾಪೆಯ ಮೇಲೆ ಗೋಡೆಗೊರಗಿ, ಕಿವಿಗೆ ತಂತಿಯ ಇಯರ್‌ಫೋನ್ ಸಿಕ್ಕಿಸಿಕೊಂಡು ಕೂರುತ್ತಾರೆ. ಇಬ್ಬರ ಕಣ್ಣೂ ಬೇರೆ ಬೇರೆ ಕಡೆಗೆ. ಧಾರಾವಾಹಿಯ ನಡುವೆ ಜಾಹೀರಾತು ಬಂದಾಗ ಮಾತ್ರ ಅಜ್ಜಿ ಬಗ್ಗಿ, ಅವನ ಭುಜ ತಟ್ಟಿ ಕೇಳುತ್ತಾರೆ: “ಔಟಾದ್ಯಾ, ಇದ್ದೀಯಾ?”