ನೊರಿಗೆಗೆ ಲೈಕು, ಕುಚ್ಚಿಗೆ ಚೌಕಾಸಿ

(1/7)
ಈ ಸಲ ಫೋಟೋ ಕಮ್ಮಿ, ಮಾತು ಜಾಸ್ತಿ. ಈಗ ಪುರುಸೊತ್ತಿಲ್ಲ ಅಂದ್ರೆ ಸೇವ್ ಮಾಡ್ಕೊಳಿ, ಬಸ್ಸಲ್ಲಿ ಓದಿ.

ಹೋದ ವಾರ ಹಾಕಿದ ಕೆಂಪು ನೊರಿಗೆ ಪೋಸ್ಟಿನ ಕೆಳಗೆ ಬಂದ ಕಾಮೆಂಟಲ್ಲಿ ಅರ್ಧ ಒಂದೇ ಥರ. "ಇಷ್ಟು ದಾರಕ್ಕೆ 399 ಆ?" "ಆನ್‌ಲೈನಲ್ಲಿ 99ಕ್ಕೆ ಸಿಗುತ್ತೆ ಕಣೇ." "ಕ್ಲಾಸ್‌ಮೇಟ್ಸ್‌ಗೆ ಎಷ್ಟಕ್ಕೆ?" ಇನ್ನರ್ಧ ದೊಡ್ಡೋರ ಥರ ಬುದ್ಧಿಮಾತು: "ಈ ಕೊರಿಯಾ ಹುಚ್ಚು ಬಿಡು, ನಮ್ಮ ಸಂಸ್ಕೃತಿದು ಏನಾದ್ರೂ ಮಾಡು."

ಇಬ್ಬರಿಗೂ ಇಲ್ಲೇ ಉತ್ತರ ಕೊಡ್ತೀನಿ, ಡಿಎಂನಲ್ಲಿ ಅಲ್ಲ. ಸೀರಿಯಲ್ ರಾಣಿ ಹಾಕ್ಕೊಂಡ ಒಡವೆ ಮೇಲೆ ನಿಮಗೆ ಅಷ್ಟು ಪ್ರೀತಿ ಇದ್ದರೆ, ಅದನ್ನ ಕಟ್ಟೋ ಕೈಗೆ ಕೂಲಿ ಕೊಡೋಕೆ ಯಾಕೆ ಇಷ್ಟು ಸಂಕಟ? ಮತ್ತೆ ಅದು ಯಾರ ಕೈ ಅಂತ ಯಾವತ್ತಾದ್ರೂ ಕೇಳಿದ್ದೀರಾ?

(2/7)
ಮೊದಲು, ಗೊತ್ತಿಲ್ಲದೋರಿಗೆ. ನೊರಿಗೆ ಅಂದ್ರೆ ಕೊರಿಯಾದ ಹೆಂಗಸರು ಹಾನ್‌ಬೊಕ್ ಮೇಲೆ ನೇತು ಹಾಕ್ಕೊಳ್ಳೋ ಒಡವೆ. ಕುಪ್ಪಸದ ಕಟ್ಟಿಗೋ ಲಂಗದ ಸೊಂಟಕ್ಕೋ ಸಿಗಿಸ್ತಾರೆ. ಮೇಲೆ ಒಂದು ಕೊಂಡಿ, ಅದರ ಕೆಳಗೆ ದಾರದ ಗಂಟು, ನಡುವೆ ಜೇಡ್, ಹವಳ, ಅಂಬರ್ ಅಥವಾ ಬೆಳ್ಳಿಯ ಒಂದು ಪದಕ, ಮತ್ತೆ ಗಂಟು, ತುದಿಯಲ್ಲಿ ಉದ್ದ ಕುಚ್ಚು. ಒಂಟಿ ಇರುತ್ತೆ, ಮೂರು ಸೇರಿಸಿದ್ದೂ ಇರುತ್ತೆ. 'ಅಂಡರ್ ದ ಕ್ವೀನ್ಸ್ ಅಂಬ್ರೆಲಾ' ನೋಡಿದೋರು ರಾಣಿಯ ಕೋಪ ನೋಡಿದ್ರೋ ಅವಳ ಒಡವೆ ನೋಡಿದ್ರೋ ನಿಮಗೇ ಗೊತ್ತು. ನಾನಂತೂ ಪಾಸ್ ಮಾಡಿ ಮಾಡಿ ಒಡವೆ ನೋಡಿದೆ.

ಗಂಟಿನ ವಿಷಯ ಸ್ವಲ್ಪ ಜಾಸ್ತಿ ಹೇಳ್ತೀನಿ, ಯಾಕಂದ್ರೆ ಜಗಳ ಇರೋದೇ ಅಲ್ಲಿ. ಕೊರಿಯಾದಲ್ಲಿ ಇದಕ್ಕೆ ಮೆದುಪ್ ಅಂತಾರೆ. ಒಂದೇ ದಾರವನ್ನ ಮಧ್ಯಕ್ಕೆ ಮಡಚಿ, ಎರಡು ಎಳೆಯಲ್ಲಿ ಹೆಣೆದು, ಒಂದೊಂದು ಸುತ್ತನ್ನೂ ಚೂಪು ಕಡ್ಡಿಯಿಂದ ಎಳೆದು ಬಿಗಿ ಮಾಡಬೇಕು. ಸೇವಂತಿಗೆ ಗಂಟು, ಚಿಟ್ಟೆ ಗಂಟು ಅಂತ ಎಷ್ಟೋ ಬಗೆ. ಸರಿಯಾಗಿ ಕಟ್ಟಿದ ಗಂಟು ಮುಂದೆ ಹೇಗಿರುತ್ತೋ ಹಿಂದೆಯೂ ಹಾಗೇ ಇರುತ್ತೆ, ಎಡಕ್ಕೂ ಬಲಕ್ಕೂ ಕೂದಲೆಳೆ ವ್ಯತ್ಯಾಸ ಬರಬಾರದು. 1968ರಲ್ಲೇ ಅಲ್ಲಿನ ಸರ್ಕಾರ ಈ ಗಂಟು ಕಟ್ಟೋ ವಿದ್ಯೆಯನ್ನ ರಾಷ್ಟ್ರೀಯ ಪರಂಪರೆಯ ಪಟ್ಟಿಗೆ ಸೇರಿಸಿದೆ. ಅಂದ್ರೆ ಗಂಟು ಕಟ್ಟೋರಿಗೆ ಅಲ್ಲಿ ಒಂದು ಸ್ಥಾನ ಇದೆ, ಹೆಸರಿದೆ.

ಇನ್ನು ನಮ್ಮ ಕುಚ್ಚು ಕಟ್ಟೋರು. ಅವರ ಬಗ್ಗೆ ಕೆಳಗೆ ಬರ್ತೀನಿ.

(3/7)
"ನಮ್ಮ ಸಂಸ್ಕೃತಿ" ಪಾರ್ಟಿಯೋರು ಸ್ವಲ್ಪ ಈ ಕಡೆ ಬನ್ನಿ.

ನಾನು ರಾಮನಗರದ ಕಡೆಯವಳು. ನಮ್ಮ ಕಡೆ ರೇಷ್ಮೆಗೂಡಿನ ಮಾರ್ಕೆಟ್ ಇದೆ, ಚನ್ನಪಟ್ಟಣದ ಮರದ ಬೊಂಬೆ ಇದೆ. ನನ್ನ ನೊರಿಗೆಯ ಪದಕ ಜೇಡ್ ಅಲ್ಲ, ಚನ್ನಪಟ್ಟಣದಲ್ಲಿ ಹಾಲೆ ಮರ ಕಡೆದು ಅರಗಿನ ಬಣ್ಣ ಹಚ್ಚಿದ ಮಣಿ. ತಿರುಗೋ ಮರಕ್ಕೆ ಅರಗಿನ ಕಡ್ಡಿ ಒತ್ತಿದ್ರೆ ಆ ಬಿಸಿಗೇ ಕರಗಿ ಬಣ್ಣ ಹಿಡಿಯುತ್ತೆ, ಆಮೇಲೆ ಗರಿಯಲ್ಲಿ ಉಜ್ಜಿ ಹೊಳಪು ತರ್ತಾರೆ. ಬಿನ್ಯೊ ಅಂತ ನಾನು ಮಾಡೋ ತುರುಬಿನ ಕಡ್ಡಿ ಕೂಡ ಅದೇ ಲೇತ್‌ನಲ್ಲಿ ಆಗಿದ್ದು. 'ಮೂನ್ ಲವರ್ಸ್'ನಲ್ಲಿ ಅವನು ಅವಳಿಗೆ ಕೊಡೋ ಹೇರ್‌ಪಿನ್ ನೋಡಿ ಅತ್ತಿದ್ರಲ್ಲ, ಅದರ ದೂರದ ತಂಗಿ. ಜೋಸನ್ ಕಾಲದಲ್ಲಿ ಡ್ರ್ಯಾಗನ್ ತಲೆಯ ಬಿನ್ಯೊ ಅರಮನೆಯ ಹೆಂಗಸರಿಗೆ, ಬಡವರ ತುರುಬಿಗೆ ಮರದ್ದು. ನಾನು ಮಾಡೋದು ಬಡವರದ್ದು ಅಂತ ಧೈರ್ಯವಾಗಿ ಬರೀತೀನಿ.

ಕುಚ್ಚು? ಅದು ನಮ್ಮ ಸೀರೆ ಸೆರಗಿನ ಕುಚ್ಚೇ. ದಾರ ರಟ್ಟಿಗೆ ಸುತ್ತಿ, ಮಡಚಿ, ಕತ್ತಿಗೆ ಜರಿ ಬಿಗಿದು, ತುದಿ ಕತ್ತರಿಸೋದು. ಜೋಸನ್ ಹುಡುಗಿಯರ ಜಡೆ ತುದಿಯ ಕೆಂಪು ರಿಬ್ಬನ್ ನೋಡಿದ್ರೆ ನಮ್ಮಜ್ಜಿ "ನಂ ಕಾಲದಲ್ಲಿ ಜಡೆಗೊಂಡೆ ಹಾಕ್ತಿದ್ವಿ, ಇದೇನ್ ಹೊಸದು" ಅಂತಾರೆ. ಬೇಲೂರಿಗೆ ಟೂರ್ ಹೋದಾಗ ಶಿಲಾಬಾಲಿಕೆಯರ ಪಕ್ಕ ರೀಲ್ಸ್ ಮಾಡಿದ್ರಲ್ಲ, ಅವರ ಸೊಂಟದಿಂದ ಇಳಿಬಿದ್ದ ಮಣಿಸರ ನೋಡಿದ್ರಾ? ಸೊಂಟದಿಂದ ಒಡವೆ ನೇತುಹಾಕೋದು ಯಾರೊಬ್ಬರ ಅಪ್ಪನ ಮನೆ ಆಸ್ತಿ ಅಲ್ಲ.

ಎರಡೂ ಒಂದೇ ಅಂತ ನಾನು ಹೇಳ್ತಿಲ್ಲ. ಅವರದ್ದು ಅವರದ್ದೇ, ನಮ್ಮದು ನಮ್ಮದೇ. ಹಾಗಾಗಿ ನನ್ನ ಕಾರ್ಡಲ್ಲಿ "ನೊರಿಗೆಯಿಂದ ಪ್ರೇರಿತ" ಅಂತ ಇರುತ್ತೆ, "ಅಸಲಿ ಕೊರಿಯನ್" ಅಂತ ಇರಲ್ಲ. ಆದರೆ ಸಂಸ್ಕೃತಿ ಅಂತ ಕಾಮೆಂಟ್ ಹಾಕಿದೋರಲ್ಲಿ ಎಷ್ಟು ಜನ ಚನ್ನಪಟ್ಟಣದ ಅಂಗಡಿಯಲ್ಲಿ ನಿಂತು ಒಂದು ಮಣಿಸರ ತಗೊಂಡಿದ್ದೀರಿ? ಹೈವೇಲಿ ಕಾರು ನಿಲ್ಲಿಸಿ ಕೀಲುಕುದುರೆ ಮುಂದೆ ಸೆಲ್ಫಿ ತೆಗೆದಿದ್ದು ಲೆಕ್ಕಕ್ಕಿಲ್ಲ.

(4/7)
ಈಗ ದುಡ್ಡು. ಬಿಕಾಂ ಓದ್ತಾ ಇರೋರೇ ಇದನ್ನ ಕೇಳಿದ್ದು ನನಗೆ ಜಾಸ್ತಿ ಉರಿದಿದ್ದು.

ಕಾಸ್ಟ್ ಶೀಟ್ ಬರೀರಿ ಅಂದ್ರೆ ಎಕ್ಸಾಮಲ್ಲಿ ಎಲ್ಲರೂ ಬರೀತೀರ. ಡೈರೆಕ್ಟ್ ಮೆಟೀರಿಯಲ್, ಡೈರೆಕ್ಟ್ ಲೇಬರ್, ಪ್ರೈಮ್ ಕಾಸ್ಟ್, ಓವರ್‌ಹೆಡ್. ನನ್ನ ಒಂದು ನೊರಿಗೆಗೆ ಬರೀರಿ ನೋಡೋಣ. ದಾರ 35. ಮಣಿ, ಪದಕ 55. ಕೊಂಡಿ 10. ಡಬ್ಬಿ, ಕಾಗದ, ಕಾರ್ಡ್ 20. ಸಾಮಾನಿಗೇ 120 ಆಯ್ತು. ಕೆಲಸ ಮೂರೂವರೆ ಗಂಟೆ: ಗಂಟಿಗೆ ಒಂದೂವರೆ, ಕುಚ್ಚಿಗೆ ಒಂದು, ಜೋಡಿಸಿ ಮುಗಿಸೋಕೆ ಒಂದು. ಗಂಟೆಗೆ 60 ರೂಪಾಯಿ ಹಾಕಿದ್ರೆ 210. ಹತ್ತರಲ್ಲಿ ಒಂದು ಕೆಡುತ್ತೆ, ಅದಕ್ಕೆ 20. ಒಟ್ಟು 350. ಉಳಿಯೋ 49 ರೂಪಾಯಿಯಲ್ಲಿ ಚನ್ನಪಟ್ಟಣಕ್ಕೆ ಬಸ್ಸು, ಮಾಮೂಲ್‌ಪೇಟೆಗೆ ಟ್ರೈನು, ಫೋನಿನ ಡೇಟಾ. ಪೋಸ್ಟ್ ಚಾರ್ಜ್ ಬೇರೆ. ಇದರಲ್ಲಿ ಎಲ್ಲಿ ಕಡಿಮೆ ಮಾಡ್ಲಿ? ಜಾಗ ತೋರಿಸಿ.

ಯಾರೂ ದಾರದ 35ನ್ನ ತೋರಿಸಲ್ಲ. ಅಂಗಡಿಯೋನು ಕಮ್ಮಿ ಮಾಡಲ್ಲ ಅಂತ ಎಲ್ಲರಿಗೂ ಗೊತ್ತು. ಎಲ್ಲರ ಬೆರಳು ನೇರ ಹೋಗೋದು ಆ 210ರ ಮೇಲೆ. "ಮನೇಲೇ ಕೂತು ಮಾಡ್ತೀಯಲ್ಲ." "ಸೀರಿಯಲ್ ನೋಡ್ತಾ ನೋಡ್ತಾ ಮಾಡ್ತೀಯಲ್ಲ." ಟೆಕ್ಸ್ಟ್‌ಬುಕ್ಕಲ್ಲಿ ಇಂಪ್ಯೂಟೆಡ್ ಕಾಸ್ಟ್ ಅಂತ ಒಂದು ಇದೆ ನೆನಪಿದೆಯಾ? ಕೈಯಿಂದ ಕಾಸು ಹೋಗಲ್ಲ, ಆದರೆ ಖರ್ಚು ಖರ್ಚೇ. ಸ್ವಂತ ಕಟ್ಟಡದ ಬಾಡಿಗೆ, ಮಾಲೀಕ ತನಗೆ ತಾನು ಕೊಟ್ಟುಕೊಳ್ಳದ ಸಂಬಳ. ಎರಡು ಮಾರ್ಕ್ಸಿಗೆ ಬರೆದು ಬಂದ್ವಿ. ಮನೆಗೆ ಬಂದು, ಅಡುಗೆ ಮನೆ ಕಟ್ಟೆ ಮೇಲೆ ಕೂತು ಕೆಲಸ ಮಾಡೋ ಹೆಂಗಸಿಗೆ ಅದೇ ಲೆಕ್ಕ ಹಾಕು ಅಂದ್ರೆ ಮಾತ್ರ ಪೆನ್ನು ಓಡಲ್ಲ.

(5/7)
99 ರೂಪಾಯಿದು. ಅದನ್ನ ತಗೊಂಡೋರ ಮೇಲೆ ನನಗೆ ಸಿಟ್ಟಿಲ್ಲ, ನಿಜವಾಗ್ಲೂ. ಪಾಕೆಟ್ ಮನಿ ಅಷ್ಟೇ ಇದ್ರೆ ಅದನ್ನೇ ತಗೊಳಿ, ಹಾಕ್ಕೊಳಿ, ಚೆನ್ನಾಗೇ ಕಾಣ್ತೀರ. ಸಿಟ್ಟು ಇರೋದು ಅದೇ ಫ್ಯಾಕ್ಟರಿ ಮಾಲನ್ನ ಡಜನ್‌ಗಟ್ಟಲೆ ತರಿಸಿ, ಹಿಂದೆ ಒಣಗಿದ ಹೂವು, ಪಕ್ಕದಲ್ಲಿ ಕ್ಯಾಂಡಲ್ ಇಟ್ಟು ಫೋಟೋ ಹೊಡೆದು, "ಪ್ರೀತಿಯಿಂದ ಕೈಯಲ್ಲೇ ಮಾಡಿದ್ದು" ಅಂತ 499ಕ್ಕೆ ಮಾರೋ ಪೇಜುಗಳ ಮೇಲೆ. ಹೆಸರು ಹೇಳಲ್ಲ. ನಿಮ್ಮಲ್ಲಿ ಕೆಲವರು ಫಾಲೋ ಮಾಡ್ತಿದ್ದೀರಿ, ಅಷ್ಟು ಸಾಕು.

ಗುರುತು ಹಿಡಿಯೋದು ಕಷ್ಟ ಏನಲ್ಲ. ಗಂಟಿನ ಹಿಂಭಾಗದ ಫೋಟೋ ಕೇಳಿ. ಅಂಟು ಮೆತ್ತಿರೋದು ಕಂಡ್ರೆ, ಇಲ್ಲಾ ಗಂಟನ್ನ ಪ್ಲಾಸ್ಟಿಕ್ ಅಚ್ಚಲ್ಲಿ ಎರಕ ಹೊಯ್ದಿದ್ರೆ, ಕಥೆ ಮುಗೀತು. ಪದಕದ ಅಂಚಲ್ಲಿ ಸಣ್ಣ ಗೆರೆ ಇದೆಯಾ ನೋಡಿ, ಅದು ಅಚ್ಚಿನ ಗೆರೆ. ಇಪ್ಪತ್ತು ಪೀಸು ಸಾಲಾಗಿ ಇಟ್ಟ ಫೋಟೋದಲ್ಲಿ ಇಪ್ಪತ್ತು ಕುಚ್ಚೂ ತದ್ರೂಪ ಇದ್ರೆ ಅನುಮಾನ ಪಡಿ. ಅರ್ಧ ಕಟ್ಟಿದ ಗಂಟಿನ ವಿಡಿಯೋ ಹಾಕಿ ಅಂತ ಕಾಮೆಂಟಲ್ಲಿ ಕೇಳಿ. ಕೈಯಲ್ಲಿ ಮಾಡೋರು ಖುಷಿಯಿಂದ ಹಾಕ್ತಾರೆ. ಮಿಕ್ಕವರು ನಿಮ್ಮ ಕಾಮೆಂಟ್ ಡಿಲೀಟ್ ಮಾಡ್ತಾರೆ.

ಇನ್ನೊಂದು, "ಪ್ಯೂರ್ ಸಿಲ್ಕ್ ಕುಚ್ಚು" ಅಂತ ಬರೆಯೋರು. ಅಂಗಡಿಯಲ್ಲಿ ಸಿಲ್ಕ್ ಥ್ರೆಡ್ ಅಂತ ಉಂಡೆಯಲ್ಲಿ ಸಿಗೋದು ಬಹುಪಾಲು ರೇಯಾನ್. ನಾನೂ ಅದನ್ನೇ ಬಳಸ್ತೀನಿ, ರೇಯಾನ್ ಅಂತಲೇ ಬರೀತೀನಿ. ಗೂಡಿನ ಮಾರ್ಕೆಟ್ ಪಕ್ಕದಲ್ಲಿ ಬೆಳೆದೋಳಿಗೆ ಅಪ್ಪಟ ರೇಷ್ಮೆಯ ರೇಟು ಗೊತ್ತು ಸ್ವಾಮಿ.

(6/7)
ಈಗ ಅಸಲಿ ವಿಷಯ. ಮೇಲೆ ಕಾಸ್ಟ್ ಶೀಟಲ್ಲಿ ಕುಚ್ಚಿಗೆ ಒಂದು ಗಂಟೆ ಅಂತ ಇತ್ತಲ್ಲ, ಆ ಗಂಟೆ ನಂದಲ್ಲ. ನಮ್ಮ ಬೀದಿಯ ಒಬ್ಬ ಅಕ್ಕನದ್ದು. ಹದಿನೈದು ವರ್ಷದಿಂದ ಸೀರೆಗೆ ಕುಚ್ಚು ಕಟ್ತಾರೆ. ಕಟ್ಟಿ ಮುಗಿಸಿದ ಕುಚ್ಚನ್ನ ಇಡ್ಲಿ ಪಾತ್ರೆಯ ಹಬೆಗೆ ಹಿಡಿದು ಎಳೆ ನೆಟ್ಟಗೆ ಮಾಡೋದು ಅವರು ಹೇಳಿಕೊಟ್ಟಿದ್ದು. ಕೊರಿಯಾದಲ್ಲೂ ಕುಚ್ಚಿಗೆ ಹಬೆ ಹಿಡೀತಾರೆ ಅಂತ ನಾನು ಆಮೇಲೆ ಓದಿದೆ. ಅಕ್ಕ ಓದಿಲ್ಲ, ಅವರಿಗೆ ಗೊತ್ತು ಅಷ್ಟೇ.

ಅವರು ಒಂದು ಬೊಟೀಕ್‌ಗೆ ಕೆಲಸ ಮಾಡ್ತಿದ್ರು. ಸಾದಾ ಕುಚ್ಚಿನ ಸೀರೆಗೆ ಅಂಗಡಿಯೋರು ಗಿರಾಕಿ ಹತ್ರ 200 ತಗೊಂಡು ಇವರ ಕೈಗೆ ಕೊಡ್ತಿದ್ದದ್ದು 60. ಒಂದು ಸೆರಗಿಗೆ ಎರಡು ಗಂಟೆ, ದಾರ ಇವರದೇ. ಒಂದು ಕುಚ್ಚು ಓರೆ ಆದ್ರೆ ಸೀರೆ ವಾಪಸ್, ಕಾಸೂ ಇಲ್ಲ. ಈಗ ನನ್ನ ನೊರಿಗೆಯ ಕುಚ್ಚಿಗೆ ಗಂಟೆಗೆ 60 ಕೊಡ್ತೀನಿ, ನನಗೂ ಅದೇ ರೇಟು, ದಾರ ನಂದು. ದೊಡ್ಡ ಉಪಕಾರ ಏನಲ್ಲ. ಈ 60 ಕೂಡ ಕಮ್ಮೀನೇ ಅಂತ ನನಗೆ ಅನ್ಸುತ್ತೆ, ಆದರೆ ನೀವು 399ಕ್ಕೇ ಬಾಯಿ ಬಡ್ಕೊಂತಿದ್ದೀರ.

ಇದನ್ನ ಸ್ಟೋರಿಯಲ್ಲಿ ಹಾಕಿದಾಗ ಬಂದ ಮೆಸೇಜ್ ಕೇಳಿ: "ಅಯ್ಯೋ, ಎಲ್ಲಾ ನೀನೇ ಮಾಡಲ್ವಾ? ಮತ್ತೆ ಹ್ಯಾಂಡ್‌ಮೇಡ್ ಹೇಗಾಗುತ್ತೆ?"

ಹೇಗಾಗುತ್ತೆ ಅಂದ್ರೆ ಏನ್ರೀ ಅರ್ಥ? ಅಕ್ಕಂದು ಕೈ ಅಲ್ವಾ? ನಿಮ್ಮ ತಲೆಯಲ್ಲಿ ಹ್ಯಾಂಡ್‌ಮೇಡ್ ಅಂದ್ರೆ ರಿಂಗ್ ಲೈಟ್ ಕೆಳಗೆ ನೇಲ್ ಪಾಲಿಶ್ ಹಾಕಿದ ಕಾಲೇಜು ಹುಡುಗಿಯ ಕೈ. ಪಾತ್ರೆ ತೊಳೆದು ಬಿರುಕು ಬಿಟ್ಟ ನಲವತ್ತೈದರ ಕೈ ಮಾಡಿದ್ರೆ ಅದು "ಕೆಲಸ ಕೊಟ್ಟು ಮಾಡಿಸಿದ್ದು". ನಾನು ಕಟ್ಟಿದ್ರೆ ಕ್ರಿಯೇಟಿವಿಟಿ, ಅವರು ಕಟ್ಟಿದ್ರೆ ಲೇಬರ್. ದಾರ ಅದೇ, ಕುಚ್ಚು ಅದೇ, ನಿಜ ಹೇಳ್ಬೇಕು ಅಂದ್ರೆ ಅವರದ್ದು ನಂದಕ್ಕಿಂತ ನೀಟು. ನೊರಿಗೆ ಅಂತ ಹೆಸರಿಟ್ಟು ಫೋಟೋ ಹಾಕಿದ್ರೆ ಹಾರ್ಟ್ ಎಮೋಜಿ ಸುರೀತೀರ. ಅದೇ ಕೈ ನಿಮ್ಮಮ್ಮನ ಸೀರೆಗೆ ಕುಚ್ಚು ಹಾಕಿದಾಗ ಹತ್ತು ರೂಪಾಯಿ ಚೌಕಾಸಿ ಮಾಡಿದ್ದು ನಿಮ್ಮ ಮನೆಯೋರೇ, ನಮ್ಮ ಮನೆಯೋರೂ ಸೇರಿ.

(7/7)
'ದಿ ರೆಡ್ ಸ್ಲೀವ್' ನೋಡಿದೋರಿಗೆ ಒಂದು ಮಾತು. 2021ರ ಕೊನೆಯಲ್ಲಿ ಬಂದಿದ್ದು, ಈಗಲೂ ಹಾಸ್ಟೆಲಲ್ಲಿ ಒಬ್ಬರಿಂದ ಒಬ್ಬರಿಗೆ ದಾಟ್ತಾ ಇದೆ. ಎಲ್ಲರೂ ನನ್ನ ಹತ್ರ ಕೇಳೋದು ರಾಣಿಯ ಸೆಟ್. ಕಥೆಯ ನಾಯಕಿ ದೊಕ್-ಇಮ್ ರಾಣಿ ಅಲ್ಲ ಕಣ್ರೇ, ಅರಮನೆಯಲ್ಲಿ ಕೆಲಸ ಮಾಡೋ ಹುಡುಗಿ. ಅವಳು ಬರೀ ಕಲ್ಪನೆಯೂ ಅಲ್ಲ. ನಿಜವಾದ ದೊಕ್-ಇಮ್ 1773ರಲ್ಲಿ ರಾಜಕುಮಾರಿಯರ ಜೊತೆ ಕೂತು ಒಂದು ದೊಡ್ಡ ಕಾದಂಬರಿಯನ್ನ ಕೈಬರಹದಲ್ಲಿ ನಕಲು ಮಾಡಿದೋರಲ್ಲಿ ಒಬ್ಬಳು. ಮುಂದೆ ರಾಜನಾದ ಜಂಗ್ಜೊ ಮೊದಲ ಸಲ ಕೇಳಿದಾಗ ಒಲ್ಲೆ ಅಂದವಳು. ಕೈಕೆಲಸದ ಹುಡುಗಿಯ ಕಥೆ ನೋಡಿ ಹದಿನೇಳು ಎಪಿಸೋಡ್ ಅತ್ತು, ಕೊನೆಗೆ ನಿಮಗೆ ನೆನಪಿರೋದು ರಾಣಿಯ ತಲೆ ಮೇಲಿನ ಭಾರ. ಅಂದಹಾಗೆ ಆ ಕಾಲದ ಶ್ರೀಮಂತ ಹೆಂಗಸರ ದೊಡ್ಡ ಕೃತಕ ಜಡೆಯನ್ನ ಅತಿ ದುಬಾರಿ ಆಯ್ತು ಅಂತ 1756ರಲ್ಲಿ ಒಬ್ಬ ರಾಜ, 1788ರಲ್ಲಿ ಅವನ ಮೊಮ್ಮಗ, ಇದೇ ಜಂಗ್ಜೊ, ನಿಷೇಧ ಮಾಡಿದ್ರು. ಎರಡು ಸಲ ಮಾಡಬೇಕಾಯ್ತು ಅಂದ್ರೆ ಮೊದಲನೇ ಸಲ ಯಾರೂ ಕೇಳಲಿಲ್ಲ ಅಂತಾಯ್ತು. ಶೋಕಿ ವಿಷಯದಲ್ಲಿ ಎಲ್ಲಾ ಕಾಲದೋರೂ ಒಂದೇ.

ಮುಂದಿನ ಬ್ಯಾಚ್ ದೊಕ್-ಇಮ್ ಹೆಸರಲ್ಲಿ. ಹನ್ನೆರಡೇ ಪೀಸು, ಕಡು ಕೆಂಪು ಕುಚ್ಚು, ಹಸಿರು ಅರಗಿನ ಒಂದೇ ಮಣಿ, ಸೇವಂತಿಗೆ ಗಂಟು. ಬೆಲೆ 399, ಕ್ಲಾಸ್‌ಮೇಟ್ಸ್‌ಗೂ 399, ಲೆಕ್ಚರರ್ ಮಗಳಿಗೂ 399. ಡಬ್ಬಿಯೊಳಗಿನ ಕಾರ್ಡಲ್ಲಿ ಗಂಟು ಯಾರದು, ಕುಚ್ಚು ಯಾರದು, ಮಣಿ ಎಲ್ಲಿಯದು, ಯಾರಿಗೆ ಎಷ್ಟು ಹೋಯ್ತು ಅಂತ ಬರೆದಿರುತ್ತೆ. ಅಕ್ಕನ ಹೆಸರು ಅವರು ಒಪ್ಪಿದ್ದಾರೆ ಅಂತಲೇ ಅಲ್ಲಿ ಹಾಕ್ತಿದ್ದೀನಿ, ಇಲ್ಲಿ ಹಾಕಲ್ಲ. ಸೀರೆ ಕುಚ್ಚು ಬೇಕಾದೋರು ಹೇಳಿ, ನೇರ ಅವರ ಮನೆಗೇ ಕಳಿಸ್ತೀನಿ. ಸಾದಾ ಕುಚ್ಚಿಗೆ 180, ದಾರ ಸೇರಿ.

ನನ್ನ ಲೆಕ್ಕ ತಪ್ಪು ಅನ್ನೋರು ನಾಲ್ಕನೇ ಭಾಗಕ್ಕೆ ವಾಪಸ್ ಹೋಗಿ, ನಿಮ್ಮ ಕಾಸ್ಟ್ ಶೀಟ್ ಬರೆದು ಕಾಮೆಂಟಲ್ಲಿ ಹಾಕಿ. ಲೇಬರ್ ಕಾಲಂ ಖಾಲಿ ಬಿಡಬೇಡಿ.