ಟರ್ಬೊ ಬಿಚ್ಚುವ ಮುನ್ನ ಚಾಲಕನ ಮಾತು ಕೇಳಿ!



ನಿಮ್ಮಲ್ಲಿ ಎಷ್ಟೋ ಜನ ಬೆಂಗಳೂರು, ಹುಬ್ಬಳ್ಳಿ, ಕಲಬುರಗಿಗಳಲ್ಲಿ ಎಂಜಿನಿಯರಿಂಗ್ ಓದಿದವರು. ಒಂದು ಪ್ರಶ್ನೆ ಕೇಳುತ್ತೇನೆ, ಸಿಟ್ಟಾಗಬೇಡಿ. ಓಡುತ್ತಿದ್ದ ಡೀಸೆಲ್ ಕಾರು ಇದ್ದಕ್ಕಿದ್ದಂತೆ ದಮ್ಮು ಕಳೆದುಕೊಳ್ಳುತ್ತದೆ. ನಿಲ್ಲಿಸಿ ಮತ್ತೆ ಚಾಲೂ ಮಾಡಿದರೆ ಏನೂ ಆಗಿಲ್ಲವೆಂಬಂತೆ ಓಡುತ್ತದೆ. ರೋಗ ಎಲ್ಲಿದೆ? ನಿಮ್ಮೂರಿನ ಚಾಲಕನಿಗೆ ಅರ್ಥವಾಗುವಂತೆ ಕನ್ನಡದಲ್ಲಿ ಹೇಳಬಲ್ಲಿರಾ?

ಯಾದಗಿರಿಯಲ್ಲಿ ಬಾಡಿಗೆ ಕಾರು ಓಡಿಸುವ ನನ್ನ ಸಂಬಂಧಿಯೊಬ್ಬನಿಗೆ ಇದೇ ಕಾಟ. ಶಹಾಪುರ ದಾಟಿ, ತುಂಬಿದ ಕಾರಿನಲ್ಲಿ ಲಾರಿಯನ್ನು ಹಿಂದೆ ಹಾಕಲು ಹೋದಾಗಲೇ ಅದು ಸೋತುಬಿಡುತ್ತಿತ್ತು. ಎದುರಿಗೆ ಬಸ್ಸು! ಜೀವ ಬಾಯಿಗೆ ಬಂದಿತ್ತು. ದೊಡ್ಡ ಊರಿನ ಸರ್ವಿಸ್ ಸೆಂಟರಿಗೆ ಒಯ್ದ. "ಏರ ಹತ್ತೂ ಮುಂದ ದಮ್ ಬಿಡ್ತದ್ರೀ, ಬಂದ್ ಮಾಡಿ ಚಾಲೂ ಮಾಡಿದ್ರ ಮತ್ತ ಓಡ್ತದ" ಎಂದ. ಬರೆದುಕೊಳ್ಳುವವನು ಜಾಬ್ ಕಾರ್ಡಿನಲ್ಲಿ ಇಂಗ್ಲಿಷಿನಲ್ಲಿ ಗೀಚಿದ್ದು ಎರಡೇ ಪದ: 'ಲೋ ಪಿಕಪ್'! ಯಾವಾಗ, ಎಷ್ಟು ಭಾರದಲ್ಲಿ, ಆಮೇಲೇನಾಯಿತು, ಎಲ್ಲ ಮಾಯ. ತೀರ್ಪು ಬಂತು: ಟರ್ಬೊ ಬದಲಿಸಬೇಕು. ಅಂದರೆ ಆ ಬಡಪಾಯಿಯ ಹಲವು ತಿಂಗಳ ದುಡಿಮೆ.

ಕೊನೆಗೆ ಸುರಪುರದ ಉಸ್ತಾದರೊಬ್ಬರು ಅದೇ ಮಾತನ್ನು ಪೂರ್ತಿ ಕೇಳಿಸಿಕೊಂಡರು. ಇಂಟರ್‌ಕೂಲರಿನ ರಬ್ಬರ್ ಪೈಪನ್ನು ಹಿಚುಕಿ ಮಡಚಿದರು. ಒಳಮೈಯಲ್ಲಿ ಸೀಳು! "ನಿಂತಾಗ ಸುಮ್ನ ಇರ್ತದ. ಜೋರ್ ಮಾಡಿದ್ರ ಉಬ್ಬಿ ಬಾಯಿ ಬಿಡ್ತದ, ಅಷ್ಟ" ಎಂದರು. ಪೈಪು ಬದಲಾಯಿತು, ಕಾಟ ನಿಂತಿತು.

ಇದರಲ್ಲಿ ಮಾಟಮಂತ್ರವಿಲ್ಲ. ಸ್ವಿಸ್ ಎಂಜಿನಿಯರ್ ಆಲ್‌ಫ್ರೆಡ್ ಬ್ಯೂಕಿ 1905ರಲ್ಲಿ ಪೇಟೆಂಟ್ ಪಡೆದ ವಿದ್ಯೆ ಇದು. ಹೊರಹೋಗುವ ಹೊಗೆಯ ರಭಸ ಒಂದು ಚಕ್ರ ತಿರುಗಿಸುತ್ತದೆ. ಆ ಚಕ್ರ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುತ್ತದೆ. ಗಾಳಿ ಸೋರಿದರೆ ಕಂಪ್ಯೂಟರ್ ಎಂಜಿನ್ನನ್ನು ಕಾಯಲು ಡೀಸೆಲ್ಲನ್ನೇ ತಗ್ಗಿಸುತ್ತದೆ. ಇದೇ 'ಲಿಂಪ್ ಮೋಡ್', ನಮ್ಮ ಮಾತಿನಲ್ಲಿ ಕುಂಟು ನಡಿಗೆ. ಕೀಲಿ ತಿರುಗಿಸಿ ಮತ್ತೆ ಚಾಲೂ ಮಾಡಿದಾಗ ಆ ಕಟ್ಟಳೆ ಬಹುಪಾಲು ಸಡಿಲವಾಗುತ್ತದೆ. ರೋಗ ಹೋಗಿರುವುದಿಲ್ಲ!

ಹಾಗಾದರೆ ಹುಡುಕುವುದು ಹೇಗೆ? ಅಗ್ಗದ್ದು ಮೊದಲು, ದುಬಾರಿಯದು ಕೊನೆಗೆ.

ಆರ್.ಪಿ.ಎಂ. ಏರುತ್ತದೆ, ವೇಗ ಏರುವುದಿಲ್ಲವೇ? ದೋಷ ಎಂಜಿನ್ನಿನದಲ್ಲ, ಕ್ಲಚ್ ಜಾರುತ್ತಿರಬೇಕು.

ಸ್ಕ್ಯಾನರ್ ಹಾಕಿಸಿ, ಕೋಡನ್ನು ಅಳಿಸುವ ಮುನ್ನ ಬರೆದಿಡಿ. ಪಿ 0299 ಅಂದರೆ ಟರ್ಬೊ ಒತ್ತಡ ಸಾಲದು. ಪಿ 0234 ಅಂದರೆ ಒತ್ತಡ ಮಿತಿ ಮೀರಿದೆ. ಪಿ 0087 ಅಂದರೆ ಡೀಸೆಲ್ ಒತ್ತಡ ಕಡಿಮೆ. ಕೋಡು ದಾರಿ ತೋರಿಸುತ್ತದೆಯೇ ಹೊರತು ಅಪರಾಧಿಯ ಹೆಸರು ಹೇಳುವುದಿಲ್ಲ.

ಕಪ್ಪು ಹೊಗೆ, ಭಾರ ಬಿದ್ದಾಗ 'ಸುಸ್' ಸದ್ದು ಇದ್ದರೆ ಗಾಳಿ ಪೈಪು ನೋಡಿ. ಬೇಸಿಗೆಯ ಬಿಸಿಲು, ಎಂಜಿನ್ನಿನ ಕಾವು ಎರಡೂ ಸೇರಿ ರಬ್ಬರನ್ನು ಬಿರಿಸುತ್ತವೆ. ಟರ್ಬೊ ಹಿಡಿತದ ಸಣ್ಣ ವ್ಯಾಕ್ಯೂಮ್ ನಳಿಕೆಗಳನ್ನೂ ಮರೆಯಬೇಡಿ. ಮಸಿ ಕಟ್ಟಿ ತೆರೆದೇ ಉಳಿದ ಇ.ಜಿ.ಆರ್. ವಾಲ್ವೂ ಕಪ್ಪು ಹೊಗೆ ಕಾರುತ್ತದೆ. ಹತ್ತಿ, ತೊಗರಿ ಹೊಲಗಳ ಧೂಳಿನ ರಸ್ತೆಯಲ್ಲಿ ಓಡುವ ಗಾಡಿಗೆ ಏರ್ ಫಿಲ್ಟರ್ ಬೇಗ ಕಟ್ಟಿಕೊಳ್ಳುತ್ತದೆ.

ಹೊಗೆಯಿಲ್ಲದೆ, ದೀರ್ಘ ವೇಗದಲ್ಲಿ ಸೋತರೆ ಡೀಸೆಲ್ ಫಿಲ್ಟರ್ ಬದಲಿಸಿ, ತಳದ ನೀರು ಬಸಿಯಿರಿ. ಆದರೆ ಎಚ್ಚರ! ಇಂಜೆಕ್ಟರ್ ಪೈಪುಗಳಲ್ಲಿ ಸಾವಿರ ಬಾರ್‌ಗೂ ಮಿಕ್ಕಿದ ಒತ್ತಡ. ಎಂಜಿನ್ ಓಡುವಾಗ ಅದರ ನಟ್ಟು ಮುಟ್ಟಬೇಡಿ.

ಇಷ್ಟೆಲ್ಲ ನೋಡಿದ ಮೇಲೂ ಚಕ್ರದ ದಂಡ ಅಲುಗಾಡುತ್ತಿದ್ದರೆ, ರೆಕ್ಕೆ ತಾಗಿ ಸವೆದಿದ್ದರೆ, ಆಗ ಟರ್ಬೊ ಬದಲಿಸಿ. ಯಾರೂ ಬೇಡವೆನ್ನುವುದಿಲ್ಲ.

ನನ್ನ ವಾದ ಇಷ್ಟೇ. ಬಂದುಹೋಗುವ ರೋಗವನ್ನು ಕಣ್ಣಾರೆ ಕಂಡವನು ಚಾಲಕನೊಬ್ಬನೇ. ಗ್ಯಾರೇಜಿಗೆ ಬಂದಾಗ ಗಾಡಿ ಸುಮ್ಮನಿರುತ್ತದೆ, ಸಾಕ್ಷಿ ಹೇಳುವುದು ಅವನ ಮಾತು. ಆ ಮಾತನ್ನು ಅವನ ನುಡಿಯಲ್ಲೇ ಬರೆದುಕೊಳ್ಳದ ಜಾಬ್ ಕಾರ್ಡು ನಾಡಿ ಹಿಡಿಯದ ವೈದ್ಯನಿದ್ದಂತೆ! ಜಾಬ್ ಕಾರ್ಡ್ ಕನ್ನಡದಲ್ಲಿರಲಿ. ಸಹಿ ಹಾಕುವ ಮುನ್ನ ಓದಿ. 'ಯಾವ ಪರೀಕ್ಷೆ ಮಾಡಿ ಟರ್ಬೊ ಹೋಗಿದೆ ಎಂದಿರಿ?' ಎಂದು ಕೇಳಿ. ಬಿಚ್ಚಿದ ಹಳೆಯ ಭಾಗ ತೋರಿಸಲು ಹೇಳಿ.

ಮತ್ತೆ ನೀವು, ಓದಿದವರು? ಮುಂದಿನ ಸಲ ಹಬ್ಬಕ್ಕೆ ಊರಿಗೆ ಹೋದಾಗ ಸ್ಕ್ಯಾನರಿನ ಹತ್ತು ಕೋಡುಗಳ ಅರ್ಥವನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದು ಉಸ್ತಾದರ ಗೋಡೆಗೆ ಅಂಟಿಸಿ ಬನ್ನಿ. ಅವರಿಂದ ಕಲಿಯುವುದು ನಿಮಗೂ ಬೇಕಾದಷ್ಟಿದೆ.